ಸಿಡಿಲಿನ ಮರುದಿನ ಒಂದು ವಿಳಾಸ ಬದಲಾಯಿಸಲು ಹೋಗಿ

ಅಕ್ಟೋಬರ್ ಅರ್ಧ ದಾಟಿ ತುಲಾ ತಿಂಗಳು ಹಿಡಿದ ಮೇಲೆ ಕಾಸರಗೋಡಿನ ಪೂರ್ವದ ಗುಡ್ಡಗಳ ಕಡೆ ಮಧ್ಯಾಹ್ನವೇ ಮೋಡ ಕಟ್ಟಿ, ಸಂಜೆಯಾಗುತ್ತಿದ್ದಂತೆ ಗುಡುಗು ಸಿಡಿಲು ಸುರುವಾಗುತ್ತದೆ. ಟಿವಿ, ಮೋಡೆಮ್, ಪಂಪಿನ ಸ್ವಿಚ್ಚು ಎಲ್ಲವನ್ನೂ ಕಳಚಿಡುವುದು ಇಲ್ಲಿ ಮನೆಮನೆಯ ರೂಢಿ. ಒಂದು ಶನಿವಾರ ನಾನು ಮೋಡೆಮಿನ ವಿದ್ಯುತ್ ಪ್ಲಗ್ ತೆಗೆದೆ, ಆದರೆ ಅದರಿಂದ ಲ್ಯಾಪ್‌ಟಾಪಿಗೆ ಬರುವ ಜಾಲದ ಕೇಬಲನ್ನು ತೆಗೆಯಲು ಮರೆತೆ. ತೋಟದ ಕೆಳಗಿನ ತೆಂಗಿನ ಮರಕ್ಕೆ ಬಡಿದ ಸಿಡಿಲು ಎಲ್ಲೆಲ್ಲಿಂದಲೋ ಸುತ್ತಿಕೊಂಡು ಬಂದು ಲ್ಯಾಪ್‌ಟಾಪನ್ನು ಸುಟ್ಟು ಹೋಯಿತು. ಕೋಡ್ ಎಲ್ಲವೂ, ಅದರ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿ ಸುರಕ್ಷಿತವಾಗಿತ್ತು. ಹಾಗಾಗಿ ಕಳೆದುಕೊಂಡದ್ದು ಬರೀ ಯಂತ್ರವನ್ನು ಎಂದುಕೊಂಡು ಆ ರಾತ್ರಿ ಸಮಾಧಾನದಿಂದಲೇ ಮಲಗಿದೆ.

ನಾನು ಕೆಲವು ವರ್ಷಗಳಿಂದ ನೋಡಿಕೊಂಡು ಬಂದಿರುವುದು ಅಡಿಕೆ ಖರೀದಿಸುವ ಒಂದು ಸಣ್ಣ ಸಹಕಾರಿ ಸಂಘದ ವೆಬ್ ಅಪ್ಲಿಕೇಶನ್. ದಿನದ ದರ, ಸದಸ್ಯರು ತಂದ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ತೂಕ, ಕೆಳದರ್ಜೆಯ ಪಟೋರ ಮತ್ತು ಕರಿಗೋಟು ಬೇರ್ಪಡಿಸಿದ ಲೆಕ್ಕ, ರಸೀದಿ, ಪಾವತಿ, ಇಷ್ಟೇ ಅದರ ಕೆಲಸ. ಸದಸ್ಯರಲ್ಲಿ ಅನೇಕರು ಕನ್ನಡದಲ್ಲಿ ಓದುತ್ತಾರೆ, ಉಳಿದವರು ಮಲಯಾಳದಲ್ಲಿ. ಲೆಕ್ಕಪತ್ರ ಮೇಲಿನವರಿಗೆ ಹೋಗುವುದು ಮಲಯಾಳದಲ್ಲಿ. ಆದ್ದರಿಂದ ಪ್ರತಿ ಪುಟವೂ ಎರಡು ಭಾಷೆಗಳಲ್ಲಿ ಇರಬೇಕು. ಸರ್ವರ್ ಇರುವುದು ಒಂದೇ. ಸಿಡಿಲು ಬಡಿದ ಆ ವಾರ ಅದನ್ನು ಬೇರೆ ಕಡೆಗೆ ಸ್ಥಳಾಂತರಿಸುವ ಕೆಲಸ ನಡೆದಿತ್ತು. ಸೋಮವಾರ ಬೆಳಿಗ್ಗೆಯಿಂದ ದರದ ಮಾಹಿತಿ ಕೊಡುವ ಹಳೆಯ ವಿಳಾಸ ನಿಂತು ಹೊಸ ವಿಳಾಸ ಜಾರಿಗೆ ಬರಬೇಕಿತ್ತು. ಅಪ್ಲಿಕೇಶನ್‌ನಲ್ಲಿ ಆಗಬೇಕಾದದ್ದು ಒಂದೇ ಸಾಲಿನ ಬದಲಾವಣೆ.

ಆದಿತ್ಯವಾರ ಭಾವನ ಹಳೆಯ ಲ್ಯಾಪ್‌ಟಾಪ್ ತಂದು, ಅದರಲ್ಲಿದ್ದ ಲಿನಕ್ಸ್‌ನ ಮೇಲೆ ಜಾವಾಸ್ಕ್ರಿಪ್ಟ್ ಓಡಿಸುವ ಆಗಿನ ನೋಡ್‌ಜೆಎಸ್ ಹಾಕಿ, ಬೇಕಾದ ಪ್ಯಾಕೇಜುಗಳನ್ನು ತರಿಸಲು ಎನ್‌ಪಿಎಂ ಇನ್‌ಸ್ಟಾಲ್ ಎಂದು ಕೊಟ್ಟೆ. ಮೊದಲು ಬಿದ್ದದ್ದು ನೋಡ್‌ಸಾಸ್. ಸ್ಟೈಲ್ ಫೈಲುಗಳನ್ನು ಸಿಎಸ್‌ಎಸ್ ಆಗಿ ಮಾರ್ಪಡಿಸುವ ಆ ಪ್ಯಾಕೇಜು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಲಿಬ್‌ಸಾಸ್‌ನ ಮೇಲೆ ನಿಂತಿದೆ. ನೋಡ್‌ಜೆಎಸ್‌ನ ಪ್ರತಿ ಆವೃತ್ತಿಗೂ ಅದರದ್ದೇ ಬೈನರಿ ಬೇಕು, ಅದು ಸಿಗದಿದ್ದರೆ ಅಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ನಮ್ಮಲ್ಲಿದ್ದ ಹಳೆಯ ಆವೃತ್ತಿ ಅದಕ್ಕಾಗಿ ಕೇಳಿದ್ದು ಪೈಥಾನ್ 2ನ್ನು. 2020ರ ಜನವರಿಯಿಂದ ಬೆಂಬಲವೇ ಇಲ್ಲದ ಭಾಷೆಯೊಂದನ್ನು, ಅಡಿಕೆಯ ದರ ತೋರಿಸುವ ಪುಟದ ಬಣ್ಣ ನಿರ್ಧರಿಸಲು ಹುಡುಕಿ ತರಬೇಕಾದ ಸ್ಥಿತಿ. ಲಿಬ್‌ಸಾಸನ್ನು ಅದರ ತಂಡದವರೇ 2020ರ ಅಕ್ಟೋಬರಿನಲ್ಲಿ ಕೈಬಿಡುವುದಾಗಿ ತಿಳಿಸಿದ್ದರು. ಡಾರ್ಟ್‌ನಲ್ಲಿ ಬರೆದ ಸಾಸ್ ಅದರ ಜಾಗಕ್ಕೆ ಬಂದಿತ್ತು. ನಾನು ಓದಿದ್ದೆ, ಆದರೆ ಬದಲಾಯಿಸಿರಲಿಲ್ಲ, ಏಕೆಂದರೆ ನನ್ನ ಲ್ಯಾಪ್‌ಟಾಪಿನಲ್ಲಿ ಅದು ನಡೆಯುತ್ತಿತ್ತು.

ಅದನ್ನು ಬದಲಾಯಿಸಿದೆ. ಆಮೇಲೆ, ಬಿಡಿ ಫೈಲುಗಳನ್ನು ಬ್ರೌಸರಿಗಾಗಿ ಒಟ್ಟುಗೂಡಿಸುವ ವೆಬ್‌ಪ್ಯಾಕ್ 4 ಬಿತ್ತು. ಫೈಲುಗಳ ಗುರುತಿಗಾಗಿ ಅದು ಎಂಡಿ4 ಎಂಬ ಹಳೆಯ ಹ್ಯಾಶ್ (ಒಳಗಿನ ಬರಹದಿಂದ ಲೆಕ್ಕ ಹಾಕಿದ ಗುರುತು) ಬಳಸುತ್ತದೆ; 2021ರ ಅಕ್ಟೋಬರಿನಲ್ಲಿ ಬಂದ ನೋಡ್‌ಜೆಎಸ್ 17 ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 3ಕ್ಕೆ ದಾಟಿದಾಗ ಎಂಡಿ4 ಹಳೆಯ ಸಾಮಾನುಗಳ ಅಟ್ಟ ಸೇರಿತು. ಆ ದೋಷಸಂದೇಶವನ್ನು ಹುಡುಕಿದರೆ ಎಲ್ಲರೂ ಹೇಳುವ ಉಪಾಯ ಒಂದೇ: ಹಳೆಯ ವಿಧಾನವನ್ನು ಒಪ್ಪಿಕೋ ಎಂಬ ಒಂದು ಸೂಚನೆಯನ್ನು ಪರಿಸರ ಚರಾಂಶವಾಗಿ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಬೆಲೆಯಾಗಿ) ಕೊಡುವುದು. ಕೊಟ್ಟೆ, ಒಂದು ಹೆಜ್ಜೆ ಮುಂದೆ ಹೋಯಿತು. ಆಗ ರಸೀದಿಯ ಪುಟ ಸಿಗುತ್ತಿಲ್ಲ ಎಂದಿತು. ಫೈಲಿನ ಇಂಗ್ಲಿಷ್ ಹೆಸರು ದೊಡ್ಡಕ್ಷರದಿಂದ ಆರಂಭವಾಗಿತ್ತು, ಅದನ್ನು ಕರೆದ ಕಡೆ ಸಣ್ಣಕ್ಷರವಿತ್ತು. ಸುಟ್ಟುಹೋದ ಲ್ಯಾಪ್‌ಟಾಪಿನ ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಅಲ್ಲ. ಇಂಥವು ಇನ್ನೆಷ್ಟು ಇವೆಯೋ ತಿಳಿಯದು. ಆ ಹೊತ್ತಿಗೆ ರಾತ್ರಿ ಹನ್ನೆರಡು ದಾಟಿತ್ತು, ಕರೆಂಟು ಎರಡು ಸಲ ಹೋಗಿ ಬಂದಿತ್ತು.

ಕೊನೆಗೆ ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ. ನೇರವಾಗಿ ಸರ್ವರಿಗೆ ಹೋಗಿ, ಅಲ್ಲಿದ್ದ ಸಿದ್ಧ ಜಾವಾಸ್ಕ್ರಿಪ್ಟ್ ಫೈಲಿನೊಳಗೆ ಹಳೆಯ ವಿಳಾಸ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ, ಪಠ್ಯವನ್ನು ಹುಡುಕಿ ಬದಲಿಸುವ ಸೆಡ್ ಆಜ್ಞೆಯಿಂದ ಹೊಸ ವಿಳಾಸ ತುಂಬಿದೆ. ಕನ್ನಡದ ಕಟ್ಟಿಗೆ (ಬ್ರೌಸರಿಗೆ ಹೋಗುವ ಸಿದ್ಧ ಫೈಲುಗಳ ಗುಂಪಿಗೆ) ಒಮ್ಮೆ, ಮಲಯಾಳದ ಕಟ್ಟಿಗೆ ಒಮ್ಮೆ. ಅರ್ಧ ನಿಮಿಷದ ಕೆಲಸ. ನನ್ನ ಮೊಬೈಲಿನಲ್ಲಿ ಖಾಸಗಿ ಕಿಟಕಿ ತೆರೆದು ನೋಡಿದರೆ ದರ ಸರಿಯಾಗಿ ಕಾಣುತ್ತಿತ್ತು.

ಸೋಮವಾರ ಒಂಬತ್ತೂವರೆಗೆ ಪೆರ್ಲದ ಕಡೆಯ ಶಾಖೆಯಿಂದ ಫೋನು ಬಂತು. “ಇದೆಂಥದು ಮಾರಾಯ್ರೆ, ಇವತ್ತು ಮೊದಲ ಸಲ ನೋಡುವವರಿಗೆ ದರ ಉಂಟು, ದಿನಾ ನೋಡುವವರಿಗೆ ಇಲ್ಲ!”

ಅವರು ಒಂದೇ ವಾಕ್ಯದಲ್ಲಿ ಇಡೀ ರೋಗವನ್ನು ಹೇಳಿಬಿಟ್ಟಿದ್ದರು. ಬಿಲ್ಡ್‌ನಿಂದ, ಎಂದರೆ ಬರೆದ ಕೋಡನ್ನು ಸಿದ್ಧ ಫೈಲುಗಳಾಗಿ ಮಾಡುವ ಕೆಲಸದಿಂದ, ಹೊರಬರುವ ಜಾವಾಸ್ಕ್ರಿಪ್ಟ್ ಫೈಲಿನ ಹೆಸರಿನಲ್ಲಿ ಅದರ ಒಳಗಿನ ಬರಹದಿಂದಲೇ ಲೆಕ್ಕ ಹಾಕಿದ ಹ್ಯಾಶ್‌ನ ತುಣುಕು ಇರುತ್ತದೆ. ಬರಹ ಬದಲಾದರೆ ಹೆಸರೂ ಬದಲಾಗುತ್ತದೆ. ಆ ನಂಬಿಕೆಯ ಮೇಲೆಯೇ, ಪುಟಗಳನ್ನು ಬ್ರೌಸರಿಗೆ ಕೊಡುವ ಎಂಜಿನ್‌ಎಕ್ಸ್‌ನಲ್ಲಿ ಆ ಫೈಲುಗಳಿಗೆ 31536000 ಸೆಕೆಂಡುಗಳ, ಎಂದರೆ ಒಂದು ವರ್ಷದ ಕ್ಯಾಶ್ ಅವಧಿ (ಉಳಿಸಿಟ್ಟ ಪ್ರತಿಯನ್ನೇ ಬಳಸುವ ಅವಧಿ) ಕೊಟ್ಟು, ಇದು ಎಂದೂ ಬದಲಾಗದು ಎಂದು ಬ್ರೌಸರಿಗೆ ಮಾತು ಕೊಟ್ಟಿದ್ದೆ. ಸೆಡ್‌ನಿಂದ ಒಳಗನ್ನು ತಿದ್ದಿ ಹೆಸರನ್ನು ಹಾಗೆಯೇ ಬಿಟ್ಟದ್ದರಿಂದ ಆ ಮಾತು ಸುಳ್ಳಾಯಿತು. ದಿನಾ ನೋಡುವವರ ಮೊಬೈಲಿನಲ್ಲಿ ಹಳೆಯ ಪ್ರತಿ ಭದ್ರವಾಗಿ ಕುಳಿತು ಸತ್ತ ವಿಳಾಸಕ್ಕೆ ಕರೆ ಮಾಡುತ್ತಲೇ ಇತ್ತು. ಫೈಲಿನ ಹೆಸರನ್ನು ಕೈಯಾರೆ ಬದಲಾಯಿಸಿ, ಮುಖ್ಯ ಎಚ್‌ಟಿಎಂಎಲ್ ಪುಟದಲ್ಲಿ ಹೊಸ ಹೆಸರು ಬರೆದಾಗ ಗದ್ದಲ ತಣ್ಣಗಾಯಿತು. ಆ ಪುಟಕ್ಕೆ ಮಾತ್ರ ಪ್ರತಿ ಸಲ ಸರ್ವರನ್ನು ಕೇಳಿ ಖಚಿತಪಡಿಸಿಕೋ ಎಂದು ಹೇಳಿದ್ದೆ, ಅದೊಂದು ಪುಣ್ಯ.

ಆ ಬೆಳಿಗ್ಗೆ ತಲೆಗೆ ಹೋದ ಸಂಗತಿ ಇದು: ಎಷ್ಟೇ ಒರಟಾಗಿದ್ದರೂ ಸೆಡ್ ಒಂದು ನಿಜವನ್ನು ತೋರಿಸಿತ್ತು. ಇಡೀ ದಿನ ಒದ್ದಾಡಿ ಮರಳಿ ಕಟ್ಟಲು ಹೊರಟ ಇಡೀ ಕಟ್ಟಿನಲ್ಲಿ ಬದಲಾಗಬೇಕಿದ್ದದ್ದು ಒಂದು ವಿಳಾಸ ಮಾತ್ರ. ಅದು ಬಿಲ್ಡ್‌ಗೆ ಸಂಬಂಧಿಸಿದ ವಿಷಯವೇ ಆಗಿರಲಿಲ್ಲ. ಸರ್ವರ್ ಎಲ್ಲಿದೆ ಎಂಬುದು ಡಿಪ್ಲಾಯ್ ಮಾಡುವಾಗ, ಎಂದರೆ ಸಿದ್ಧ ಫೈಲುಗಳನ್ನು ಸರ್ವರಿಗೆ ಹಾಕುವಾಗ, ಗೊತ್ತಾಗಬೇಕಾದ ಸಂಗತಿ, ಅದನ್ನು ನಾನು ಬಿಲ್ಡ್ ಮಾಡುವಾಗಲೇ ಕೋಡಿನೊಳಗೆ ಬೇಯಿಸಿ ಇಟ್ಟಿದ್ದೆ. ಹೆರೋಕು ಕಂಪೆನಿಯ ಎಂಜಿನಿಯರುಗಳು 2011ರ ಸುಮಾರಿಗೆ ಬರೆದಿಟ್ಟ ಹನ್ನೆರಡು ಸೂತ್ರಗಳಲ್ಲಿ ಬಿಲ್ಡ್, ಬಿಡುಗಡೆ, ಓಡಿಸುವಿಕೆ ಈ ಮೂರನ್ನು ಬೇರೆ ಬೇರೆ ಇಡಬೇಕು, ಸಂರಚನೆಯನ್ನು (ಜಾಗಕ್ಕೆ ತಕ್ಕಂತೆ ಬದಲಾಗುವ ಸೆಟ್ಟಿಂಗುಗಳನ್ನು) ಪರಿಸರ ಚರಾಂಶಗಳಲ್ಲಿ ಇಡಬೇಕು ಎಂದಿದೆ. ನಾನೂ ಹಾಗೆಯೇ ಮಾಡಿದ್ದೇನೆ ಎಂದುಕೊಂಡಿದ್ದೆ, ಏಕೆಂದರೆ ಎಲ್ಲವೂ ಪರಿಸರ ಚರಾಂಶಗಳಲ್ಲೇ ಇತ್ತು. ಆದರೆ ಸೂತ್ರ ಬರೆದವರ ಮನಸ್ಸಿನಲ್ಲಿದ್ದದ್ದು ಸರ್ವರಿನಲ್ಲಿ ಓಡುವ ಪ್ರೋಗ್ರಾಂ. ಬ್ರೌಸರಿಗೆ ಅಂಥ ಪರಿಸರವೇ ಇಲ್ಲ. ಬಿಲ್ಡ್ ಸಾಧನ ಆ ಚರಾಂಶಗಳ ಬೆಲೆಯನ್ನು ಕೋಡಿನೊಳಗೆ ಅಕ್ಷರಶಃ ಅಂಟಿಸಿ ಕೈತೊಳೆದುಕೊಳ್ಳುತ್ತದೆ.

ಮುಂದಿನ ವಾರವಿಡೀ ಕುಳಿತು ಬಿಲ್ಡ್‌ಗೆ ಸಂಬಂಧಿಸಿದ ಫೈಲುಗಳನ್ನು ಒಂದೊಂದಾಗಿ ತೆರೆದೆ. ಹನ್ನೊಂದು ಇದ್ದವು: ವೆಬ್‌ಪ್ಯಾಕಿನದ್ದು ಮೂರು, ಹೊಸ ಜಾವಾಸ್ಕ್ರಿಪ್ಟನ್ನು ಹಳೆಯ ಬ್ರೌಸರುಗಳಿಗೆ ಹೊಂದಿಸುವ ಬೇಬೆಲ್, ಸಿಎಸ್‌ಎಸ್ ಸಂಸ್ಕರಿಸುವ ಪೋಸ್ಟ್‌ಸಿಎಸ್‌ಎಸ್, ಬ್ರೌಸರ್‌ಗಳ ಪಟ್ಟಿ, ನಾಲ್ಕು ಪರಿಸರ ಫೈಲುಗಳು, ಎಲ್ಲವನ್ನೂ ಕ್ರಮವಾಗಿ ಓಡಿಸುವ ಒಂದು ಶೆಲ್ ಸ್ಕ್ರಿಪ್ಟು. ಇವುಗಳಲ್ಲಿ ಯಾವುದನ್ನೂ ದಡ್ಡತನದಿಂದ ಬರೆದದ್ದಲ್ಲ. ವೆಬ್‌ಪ್ಯಾಕ್ ಹುಟ್ಟಿದ 2012ರಲ್ಲಿ ಬ್ರೌಸರುಗಳಿಗೆ ಮಾಡ್ಯೂಲ್ (ಒಂದು ಫೈಲಿನಿಂದ ಇನ್ನೊಂದನ್ನು ಕರೆಯುವ ವ್ಯವಸ್ಥೆ) ಎಂಬುದೇ ತಿಳಿದಿರಲಿಲ್ಲ. ಜಾವಾಸ್ಕ್ರಿಪ್ಟ್ ಭಾಷೆಯ ನಿಯಮದಲ್ಲಿ ಅದು ಸೇರಿದ್ದು 2015ರಲ್ಲಿ, ಮುಖ್ಯ ಬ್ರೌಸರುಗಳಿಗೆ ಬಂದು ಮುಟ್ಟುವಾಗ 2017, 2018 ಆಯಿತು. ಅಲ್ಲಿಯವರೆಗೆ ಪ್ರತಿಯೊಂದನ್ನೂ ನಾವೇ ಹೇಳಿಕೊಡಬೇಕಿತ್ತು. ತೊಂದರೆ ಇದ್ದದ್ದು, ಪ್ರಶ್ನೆ ಹೋದ ಮೇಲೂ ಉತ್ತರ ಉಳಿದುಕೊಂಡದ್ದರಲ್ಲಿ. ಮೇಕ್ ಎಂಬ ಬಿಲ್ಡ್ ಸಾಧನವನ್ನು 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೂಅರ್ಟ್ ಫೆಲ್ಡ್‌ಮನ್ ಬರೆದಾಗ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕು ಎಂಬ ನಿಯಮ ಇಟ್ಟರು. ಅದು ಸರಿಯಲ್ಲವೆಂದು ಅವರಿಗೆ ಬೇಗನೆ ತಿಳಿದರೂ ಆಗಲೇ ಹತ್ತು ಹನ್ನೆರಡು ಗೆಳೆಯರು ಬಳಸುತ್ತಿದ್ದರೆಂದು ಬದಲಾಯಿಸಲಿಲ್ಲ. ಅಷ್ಟು ಮಂದಿಯ ಮುಲಾಜಿಗೆ ಬಿದ್ದ ಆ ಟ್ಯಾಬಿನ ಜಾಗದಲ್ಲಿ ಖಾಲಿ ಸ್ಥಳ ಒತ್ತಿ ನಾನು ಎಷ್ಟು ಸಲ ಬೈದುಕೊಂಡಿದ್ದೇನೋ.

ಒಂದು ಸಾಲು ಈಗಲೂ ಬೇಕೇ ಎಂದು ತಿಳಿಯಲು ನಾನು ಹಿಡಿದ ದಾರಿ ಸರಳ. ಸಾಲನ್ನು ತೆಗೆ, ಮತ್ತೆ ಬಿಲ್ಡ್ ಮಾಡು, ಹೊರಬಂದ ಫೈಲುಗಳ ಚೆಕ್‌ಸಮ್ (ಒಳಗಿನ ಬರಹದಿಂದ ಬರುವ ಗುರುತು ಸಂಖ್ಯೆ) ಹಿಂದಿನದ್ದಕ್ಕೆ ತಾಳೆಯಾಗುತ್ತದೆಯೇ ನೋಡು. ತಾಳೆಯಾದರೆ ಆ ಸಾಲು ಬರೀ ಅಲಂಕಾರ, ಆಗದಿದ್ದರೆ ವ್ಯತ್ಯಾಸ ಏನೆಂದು ಓದು. ಇದಕ್ಕಾಗಿ ಮೊದಲು ನೋಡ್‌ಜೆಎಸ್‌ನ ಹಳೆಯ ಆವೃತ್ತಿಯನ್ನೇ ಹಾಕಿಕೊಂಡು, ದೊಡ್ಡಕ್ಷರ ಸಣ್ಣಕ್ಷರಗಳ ಗೋಜಲು ಬಿಡಿಸಿ, ಇದ್ದದ್ದನ್ನು ಇದ್ದ ಹಾಗೆ ಬಿಲ್ಡ್ ಆಗುವಂತೆ ಮಾಡಿಕೊಂಡೆ. ಆದರೂ ಏನನ್ನೂ ಮುಟ್ಟದೆ ಎರಡು ಸಲ ಬಿಲ್ಡ್ ಮಾಡಿದರೆ ಎರಡು ಬೇರೆ ಬೇರೆ ಚೆಕ್‌ಸಮ್ ಬರುತ್ತಿತ್ತು. ಪುಟದ ಅಡಿಯಲ್ಲಿ ತೋರಿಸಲೆಂದು ಬಿಲ್ಡ್ ಆದ ಗಂಟೆ ನಿಮಿಷಗಳನ್ನು ಕೋಡಿನೊಳಗೆ ಸೇರಿಸುವ ಸಾಲೊಂದು ಅದಕ್ಕೆ ಕಾರಣ. ಅದನ್ನು ತೆಗೆದು ಗಿಟ್‌ನ ಕಮಿಟ್ ಗುರುತನ್ನು (ಇದು ಯಾವ ಬದಲಾವಣೆಯ ಕೋಡು ಎಂಬುದನ್ನು) ಹೊರಗೆ ಒಂದು ಪಠ್ಯಫೈಲಿನಲ್ಲಿ ಇಟ್ಟ ಮೇಲೆ ಕಟ್ಟು ಸ್ಥಿರವಾಯಿತು. ಸಂರಚನೆಯನ್ನು ಸರಳಗೊಳಿಸಲು ಹೊರಡುವವರು ಮೊದಲು ಇದನ್ನು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಪ್ರತಿ ಅಳಿಸುವಿಕೆಯೂ ಊಹೆಯ ಮೇಲೆ ನಡೆಯುತ್ತದೆ.

ಬೇಬೆಲ್ ಮತ್ತು ಬ್ರೌಸರ್‌ಗಳ ಪಟ್ಟಿ ಇದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕಾಗಿ. ಮೈಕ್ರೋಸಾಫ್ಟ್ ಅದನ್ನು 2022ರ ಜೂನ್ 15ರಂದೇ ನಿವೃತ್ತಿಗೊಳಿಸಿದೆ. ಸರ್ವರಿನ ದಾಖಲೆಯಲ್ಲಿ ಹುಡುಕಿದೆ, ಆ ಬ್ರೌಸರಿನಿಂದ ಬಂದವರು ಒಬ್ಬರೂ ಸಿಗಲಿಲ್ಲ. ಎರಡೂ ಹೋದವು.

ನಾಲ್ಕು ಪರಿಸರ ಫೈಲುಗಳ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪರೀಕ್ಷೆಗೆ ಒಂದು, ನಿಜ ಬಳಕೆಗೆ ಒಂದು, ಅವೆರಡರಲ್ಲೂ ಕನ್ನಡಕ್ಕೊಂದು ಮಲಯಾಳಕ್ಕೊಂದು. ಹಾಗಾಗಿ ಒಂದು ಬಿಡುಗಡೆಗೆ ನಾಲ್ಕು ಸಲ ಬಿಲ್ಡ್. ಪರೀಕ್ಷಿಸಿದ ಕಟ್ಟು ಬೇರೆ, ಜನರ ಕೈಗೆ ಹೋಗುವ ಕಟ್ಟು ಬೇರೆ. ಪರೀಕ್ಷೆಯಲ್ಲಿ ಸರಿಯಿದ್ದದ್ದು ಬಳಕೆಯಲ್ಲಿ ಮುರಿದಾಗ ನಾನು ವರ್ಷಗಟ್ಟಲೆ ಜಾಲವನ್ನೂ ಮಳೆಯನ್ನೂ ದೂರಿದ್ದೇನೆ. ಈಗ ಕಟ್ಟು ಒಂದೇ. ಅಪ್ಲಿಕೇಶನ್ ತೆರೆದ ಕೂಡಲೇ ಅದೇ ಸರ್ವರಿನಿಂದ ಒಂದು ಸಣ್ಣ ಜೇಸನ್ ಫೈಲನ್ನು (ಮಾಹಿತಿ ಬರೆದಿಡುವ ಸರಳ ಪಠ್ಯಫೈಲನ್ನು) ತರಿಸಿಕೊಂಡು, ಮಾಹಿತಿಯ ವಿಳಾಸ ಯಾವುದು, ಇದು ಪರೀಕ್ಷೆಯ ತಾಣವೇ ಅಲ್ಲವೇ ಎಂಬುದನ್ನು ಅದರಿಂದ ಓದಿಕೊಳ್ಳುತ್ತದೆ. ಆ ಫೈಲು ಗಿಟ್‌ನಲ್ಲಿ ಇಲ್ಲ, ಸರ್ವರಿನಲ್ಲಿದೆ. ಅದಕ್ಕೆ ಕ್ಯಾಶ್ ಅವಧಿ ಇಲ್ಲ. ಆರಂಭದಲ್ಲಿ ಒಂದು ಕೋರಿಕೆ ಹೆಚ್ಚಾಗುತ್ತದೆ ಎಂಬುದು ನಿಜ, ಗುಡ್ಡದ ಮೂಲೆಯ 2ಜಿ ಸಿಗ್ನಲಿನಲ್ಲಿ ಅದು ಕಣ್ಣಿಗೂ ಬೀಳುತ್ತದೆ. ಒಪ್ಪಿಕೊಂಡೆ.

ಆ ನಾಲ್ಕು ಫೈಲುಗಳಲ್ಲಿ ಒಂದರೊಳಗೆ ಸಂದೇಶ ಕಳಿಸುವ ಸೇವೆಯ ರಹಸ್ಯ ಕೀಲಿಯೂ ಇತ್ತು. ಪರಿಸರ ಫೈಲು ಎಂದ ಕೂಡಲೇ ಗುಟ್ಟಿನ ಜಾಗ ಎಂಬ ಭಾವನೆ ಬರುತ್ತದೆ. ಆದರೆ ಬ್ರೌಸರಿಗೆ ಹೋಗುವ ಕಟ್ಟಿನಲ್ಲಿ ಗುಟ್ಟು ಎಂಬುದಿಲ್ಲ. ಪುಟ ತೆರೆದ ಯಾರೇ ಆದರೂ ಅದನ್ನು ಓದಬಹುದು. ರಸೀದಿಯ ಸಂದೇಶವನ್ನು ನೇರ ಬ್ರೌಸರಿನಿಂದಲೇ ಕಳಿಸುವ ಅಡ್ಡದಾರಿಯನ್ನು ಯಾವುದೋ ಅವಸರದಲ್ಲಿ ನಾನೇ ಹಿಡಿದಿದ್ದೆ. ಅದೇ ದಿನ ಆ ಕೀಲಿಯನ್ನು ರದ್ದು ಮಾಡಿಸಿ ಹೊಸತು ಪಡೆದು, ಸಂದೇಶ ಕಳಿಸುವ ಕೆಲಸವನ್ನು ಸರ್ವರ್ ಕಡೆಗೆ ಸಾಗಿಸಿದೆ. ಸಂರಚನೆ ಹನ್ನೊಂದು ಕಡೆ ಹರಡಿರುವಾಗ ಇಂಥದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಭಾಷೆಗೊಂದು ಕಟ್ಟು ಎಂಬುದಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು, ಗಾತ್ರ ಕಡಿಮೆಯಾಗಲಿ ಎಂದು. ಈಗ ಪ್ರತಿ ಭಾಷೆಯ ಪದಗಳು ಬೇರೆ ತುಣುಕಾಗಿದ್ದು ಬೇಕಾದದ್ದು ಮಾತ್ರ ಇಳಿಯುತ್ತದೆ. ಫಾಂಟಿನ ಕತೆ ಮಾತ್ರ ಬೇರೆ. ಪೂರ್ತಿ ಫಾಂಟು ಭಾರವೆಂದು, ಪ್ರತಿ ಬಿಲ್ಡ್‌ನಲ್ಲೂ ಅದನ್ನು ಕತ್ತರಿಸಿ ಬಳಕೆಯ ಅಕ್ಷರಗಳನ್ನಷ್ಟೇ ಉಳಿಸುವ ಪ್ಲಗಿನ್ ಒಂದನ್ನು ಹಾಕಿದ್ದೆ. ಅದು ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳನ್ನು ನೋಡಿ ಕತ್ತರಿ ಹಾಕುತ್ತಿತ್ತು. ಆದರೆ ನಮ್ಮ ಒತ್ತಕ್ಷರಗಳ ರೂಪಗಳಿಗೆ ಯೂನಿಕೋಡಿನಲ್ಲಿ ಸ್ವಂತ ಸ್ಥಾನವಿಲ್ಲ. ಅವು ಫಾಂಟಿನೊಳಗೆ ಬೇರೆ ಆಕೃತಿಗಳಾಗಿದ್ದು, ಯಾವ ಅಕ್ಷರಗಳು ಕೂಡಿದಾಗ ಯಾವ ಆಕೃತಿ ಬರಬೇಕು ಎಂಬ ನಿಯಮಗಳ ಮೂಲಕ ಹೊರಬರುತ್ತವೆ. ಪ್ಲಗಿನ್ ಅವನ್ನೂ ಕತ್ತರಿಸಿ ಎಸೆದಿತ್ತು. ತೂಕದ ಕಾಲಂನಲ್ಲಿ “ಕ್ವಿಂಟಾಲ್” ಎಂದಿರಬೇಕಾದಲ್ಲಿ “ಕ್‌ವಿಂಟಾಲ್” ಎಂದು ಕಂಡು, ಅದನ್ನು ಸರಿಪಡಿಸಲು ಸಂರಚನೆಗೆ ಇನ್ನೊಂದಿಷ್ಟು ವಿನಾಯಿತಿಯ ಸಾಲುಗಳನ್ನು ಸೇರಿಸಿದ್ದೆ. ಆಮೇಲೆ ರೂಪಾಯಿಯ ಚಿಹ್ನೆ ಬೇರೆ ಫಾಂಟಿನಲ್ಲಿ ದಪ್ಪವಾಗಿ ಕಂಡಿತು, ಅದು ಕನ್ನಡದ 128 ಸ್ಥಾನಗಳ ಹೊರಗಿರುವುದರಿಂದ. ಅದಕ್ಕೆ ಮತ್ತೊಂದು ಸಾಲು.

ಫಾಂಟು ದಿನಾ ಬದಲಾಗುವ ವಸ್ತುವೇ? ನಾನು ಅದನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಎಂದು ನೆನಪಿಲ್ಲ. ಆದ್ದರಿಂದ ಪೈಥಾನಿನ ಫಾಂಟ್‌ಟೂಲ್ಸ್‌ನಿಂದ ಒಮ್ಮೆ ಸರಿಯಾಗಿ ಕತ್ತರಿಸಿ (ಅದು ಜೋಡಣೆಯ ನಿಯಮಗಳನ್ನು ಹಿಂಬಾಲಿಸಿ ಒತ್ತಕ್ಷರದ ಆಕೃತಿಗಳನ್ನು ಉಳಿಸಿಕೊಳ್ಳುತ್ತದೆ), ಕನ್ನಡ ಮತ್ತು ಮಲಯಾಳದ ಎರಡು ಫೈಲುಗಳನ್ನು ಗಿಟ್‌ನಲ್ಲೇ ಇಟ್ಟುಬಿಟ್ಟೆ. ಯಾವ ಫಾಂಟು ಯಾವ ಅಕ್ಷರಗಳಿಗೆ ಎಂದು ಸಿಎಸ್‌ಎಸ್‌ನಲ್ಲಿ ಬರೆದರೆ ಬ್ರೌಸರ್ ತನಗೆ ಬೇಕಾದದ್ದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಬಿಲ್ಡ್‌ಗೆ ಈಗ ಫಾಂಟಿನ ಗೊಡವೆ ಇಲ್ಲ. ಪ್ಲಗಿನ್ ಒಂದನ್ನು ತೆಗೆದಾಗ ಹೋದ ಸಾಲುಗಳು ಇಪ್ಪತ್ತೆರಡು.

ಇಷ್ಟೆಲ್ಲ ಕಿತ್ತ ಮೇಲೆ ವೆಬ್‌ಪ್ಯಾಕಿನಿಂದ ವೀಟ್‌ಗೆ ದಾಟಿದೆ. 2020ರಲ್ಲಿ ಇವಾನ್ ಯೂ ಬಿಡುಗಡೆ ಮಾಡಿದ ಬಿಲ್ಡ್ ಸಾಧನ, ಹೆಸರು ಫ್ರೆಂಚಿನದ್ದು, ವೇಗ ಎಂಬ ಅರ್ಥದ್ದು. ಕೆಲವರು ಇದನ್ನೇ ಮೊದಲ ಹೆಜ್ಜೆಯಾಗಿ ಸೂಚಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ವೀಟ್ ಕೂಡ ನಿಗದಿತ ಪೂರ್ವಪದ ಇರುವ ಪರಿಸರ ಚರಾಂಶಗಳನ್ನು ಬಿಲ್ಡ್ ಹೊತ್ತಿನಲ್ಲೇ ಕೋಡಿಗೆ ಅಂಟಿಸುತ್ತದೆ. ಮೊದಲೇ ದಾಟಿದ್ದರೆ ನಾಲ್ಕು ಫೈಲುಗಳನ್ನು ಹೊಸ ಹೆಸರಿನಲ್ಲಿ ಹೊತ್ತುಕೊಂಡು ಹೋಗುತ್ತಿದ್ದೆ, ಅಷ್ಟೇ. ಖಾಲಿ ಮಾಡಿದ ಮೇಲೆ ಮನೆ ಬದಲಾಯಿಸಿದ್ದರಿಂದ ಸಾಗಿಸಲು ಹೆಚ್ಚೇನೂ ಇರಲಿಲ್ಲ, ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಬಿಲ್ಡ್ ಈಗ ನನ್ನ ಮನೆಯಲ್ಲಿ ನಡೆಯುವುದಿಲ್ಲ. ಕೋಡನ್ನು ಗಿಟ್‌ಗೆ ಕಳಿಸಿದರೆ ಅಲ್ಲಿಯೇ ಒಂದು ಕಂಟೇನರಿನೊಳಗೆ, ಎಂದರೆ ಪ್ರತ್ಯೇಕವಾಗಿ ಇಟ್ಟ ಪರಿಸರದೊಳಗೆ, ಗೊತ್ತುಪಡಿಸಿದ ನೋಡ್‌ಜೆಎಸ್ ಆವೃತ್ತಿಯಲ್ಲಿ ನಡೆಯುತ್ತದೆ. ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ. ಅದು ಹಳೆಯ ಪ್ಯಾಕೇಜುಗಳನ್ನೆಲ್ಲ ಅಳಿಸಿ, ಆವೃತ್ತಿಗಳನ್ನು ನಿಗದಿಪಡಿಸಿರುವ ಲಾಕ್ ಫೈಲಿನಲ್ಲಿ ಇದ್ದದ್ದನ್ನೇ ಹಾಕುತ್ತದೆ, ಹೊಂದಿಕೆಯಾಗದಿದ್ದರೆ ಜಗಳ ಮಾಡಿ ನಿಲ್ಲುತ್ತದೆ. ಆ ಜಗಳ ನನಗೆ ಬೇಕು. ಸಿದ್ಧವಾದ ಕಟ್ಟು ಸರ್ವರಿನಲ್ಲಿ ಕಮಿಟ್ ಗುರುತಿನ ಹೆಸರಿನ ಹೊಸ ಫೋಲ್ಡರಿಗೆ ಬರುತ್ತದೆ, ಎಂಜಿನ್‌ಎಕ್ಸ್ ನೋಡುವುದು ಆ ಫೋಲ್ಡರಿನತ್ತ ಬೆರಳು ತೋರುವ, “ಪ್ರಸ್ತುತ” ಎಂಬ ಒಂದು ಸಾಂಕೇತಿಕ ಕೊಂಡಿಯನ್ನು. ಕೊಂಡಿಯನ್ನು ನೇರವಾಗಿ ಎಲ್‌ಎನ್ ಆಜ್ಞೆಯಿಂದ ಬದಲಾಯಿಸಿದರೆ ಹಳೆಯದನ್ನು ಅಳಿಸಿ ಹೊಸತನ್ನು ಮಾಡುವ ನಡುವೆ ಕ್ಷಣಮಾತ್ರದ ಬಿರುಕು ಉಂಟಾಗಬಹುದು. ಬೇರೆ ಹೆಸರಿನಲ್ಲಿ ಕೊಂಡಿ ಮಾಡಿ, ಎಂವಿ ಆಜ್ಞೆಯಿಂದ ಹಳೆಯದರ ಮೇಲೆ ಹೆಸರು ಬದಲಾಯಿಸಿ ಕೂರಿಸಿದರೆ ಅದು ಒಂದೇ ಏಟಿಗೆ ಆಗುತ್ತದೆ. ಏನಾದರೂ ಕೆಟ್ಟರೆ ಕೊಂಡಿಯನ್ನು ಹಿಂದಿನ ಫೋಲ್ಡರಿಗೆ ತಿರುಗಿಸುವುದು. ಹಿಂದಿನ ಐದು ಫೋಲ್ಡರುಗಳನ್ನು ಉಳಿಸಿಕೊಳ್ಳುತ್ತೇನೆ, ಅವುಗಳ ಜಾವಾಸ್ಕ್ರಿಪ್ಟ್ ತುಣುಕುಗಳನ್ನೂ ಕೆಲವು ದಿನ ಹೊಸ ಫೋಲ್ಡರಿನಲ್ಲಿ ಸೇರಿಸಿಡುತ್ತೇನೆ, ಬೆಳಿಗ್ಗೆ ಪುಟ ತೆರೆದಿಟ್ಟು ಮಧ್ಯಾಹ್ನ ರಸೀದಿ ಒತ್ತುವವರಿಗೆ ಬಿಳಿ ಪರದೆ ಕಾಣದಿರಲಿ ಎಂದು. ಬ್ರೌಸರಿಗೆ ಹೋಗುವ ಸ್ಥಿರ ಫೈಲುಗಳಿಗೆ ಡಾಕರ್ ಇಮೇಜ್ (ಓಡುವ ಪರಿಸರವನ್ನೂ ಸೇರಿಸಿದ ಪೊಟ್ಟಣ) ಕಟ್ಟಿ ಸರ್ವರಿನಲ್ಲಿ ಓಡಿಸಬೇಕಿತ್ತು ಎನ್ನುವವರಿದ್ದಾರೆ. ಹತ್ತು ಸರ್ವರ್ ಇರುವವರಿಗೆ ಅದು ಸರಿ, ಒಂದೇ ಸರ್ವರ್ ಇರುವ ನಮಗೆ ಫೋಲ್ಡರು ಸಾಕು.

ಉಳಿದದ್ದು ಮೂರು ಫೈಲುಗಳು: ವೀಟ್‌ನ ಸಂರಚನೆ, ಬಿಲ್ಡ್ ನಡೆಸುವ ಕ್ರಮದ ಫೈಲು, ಸರ್ವರಿನಲ್ಲಿರುವ ಆ ಜೇಸನ್. ಸಂಘಕ್ಕೆ ಹೊಸತಾಗಿ ಸೇರಿದ ಹುಡುಗನೊಬ್ಬ ಮೊನ್ನೆ ತನ್ನ ಲ್ಯಾಪ್‌ಟಾಪಿನಲ್ಲಿ ಇದನ್ನು ಎಬ್ಬಿಸಲು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ವೀಟ್‌ನ ಫೈಲಿನಲ್ಲಿರುವ 34 ಸಾಲುಗಳಲ್ಲಿ ಮೂವತ್ತಮೂರು ಅವನಿಗೆ ಅರ್ಥವಾಗಿತ್ತು. ಕೋಡು ಕ್ರೋಮ್ 109ರಲ್ಲಿ ನಡೆಯುವಂತಿರಬೇಕು ಎಂಬ ಒಂದು ಸಾಲು ಯಾಕೆಂದು ತಿಳಿಯಲಿಲ್ಲ. ಮುಳ್ಳೇರಿಯಾ ಕಡೆಯ ಶಾಖೆಯಲ್ಲಿ ತೂಕದ ಯಂತ್ರದ ಪಕ್ಕ ವಿಂಡೋಸ್ 7ರ ಕಂಪ್ಯೂಟರ್ ಒಂದಿದೆ, ಆ ವಿಂಡೋಸ್‌ಗೆ ಬಂದ ಕೊನೆಯ ಕ್ರೋಮ್ ಅದು. ನಾನು ಬಾಯಲ್ಲಿ ಹೇಳಿದ್ದನ್ನು ಅವನು ಆ ಸಾಲಿನ ಮೇಲೆ ಟಿಪ್ಪಣಿಯಾಗಿ ಕನ್ನಡದಲ್ಲೇ ಬರೆದು, ಆ ಕಂಪ್ಯೂಟರ್ ಹೋದ ದಿನ ಈ ಸಾಲನ್ನು ಅಳಿಸುವುದು ಎಂದೂ ಸೇರಿಸಿ ಗಿಟ್‌ಗೆ ಕಳಿಸಿದ್ದಾನೆ.